ಅಂಗಡಿ ಫೋನಿನ ಪಕ್ಕದ ನೋಟ್‌ಬುಕ್ಕು

ಇಳಕಲ್‌ನಲ್ಲಿ ನಮ್ಮ ಅಪ್ಪನದೊಂದು ಸಣ್ಣ ಸೀರೆ ಅಂಗಡಿ ಇದೆ. ಅಲ್ಲಿ ಫೋನಿನ ಪಕ್ಕ ಒಂದು ನೋಟ್‌ಬುಕ್ಕು ಇಟ್ಟಿದ್ದೇವೆ. 200 ಪುಟದ್ದು, ಮಕ್ಕಳು ಶಾಲೆಗೆ ಒಯ್ಯುವಂಥದ್ದು. ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ ನಾನೇ ತಂದಿಟ್ಟೆ. ಮೊದಲ ಪುಟದಲ್ಲಿ ಅಪ್ಪನ ಅಕ್ಷರದಲ್ಲಿ ಹೀಗಿದೆ: 'ಸೊಲ್ಲಾಪುರದ ಬಾಯಿ. ಸೆರಗು ಹೊಲಿದಿದ್ದೋ ನೇದಿದ್ದೋ ಕೇಳಿದರು.'

ಈಗ ನಮ್ಮ ಅಂಗಡಿಗೆ ಒಂದು ವೆಬ್‌ಸೈಟ್ ಇದೆ. ಅದನ್ನು ಮಾಡಿದವಳು ನಾನು. ಹುಬ್ಬಳ್ಳಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ, ಕಂಪ್ಯೂಟರ್ ಓದಿದವಳಲ್ಲ. ಆರು ತಿಂಗಳು ಹಿಡಿಯಿತು. ಅದರಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಮಾಡಿದ್ದು ಹೆಚ್ಚೆಂದರೆ ಎರಡು ತಿಂಗಳು. ಉಳಿದದ್ದೆಲ್ಲ ಕೇಳಿಸಿಕೊಳ್ಳುವುದು, ಬರೆಯುವುದು, ಫೋಟೋ ತೆಗೆಯುವುದು, ಅಪ್ಪನ ಜೊತೆ ವಾದ ಮಾಡುವುದು. ನಮ್ಮ ಹಾಗೆ ಸಣ್ಣ ವ್ಯಾಪಾರ ಇಟ್ಟುಕೊಂಡವರು ಹಲವರು 'ಹೆಂಗ ಮಾಡಿದ್ರಿ' ಅಂತ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಒಂದು ವೆಬ್‌ಸೈಟ್ ಇತ್ತು. ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಅಪ್ಪ ಒಬ್ಬರಿಗೆ ದುಡ್ಡು ಕೊಟ್ಟು ಮಾಡಿಸಿದ್ದರು. ಅವರು ಡೊಮೇನ್ ಹೆಸರನ್ನು, ಅಂದರೆ ವೆಬ್‌ಸೈಟಿನ ವಿಳಾಸವನ್ನು, ತಮ್ಮ ಹೆಸರಲ್ಲೇ ನೋಂದಾಯಿಸಿಕೊಂಡಿದ್ದರು. ನಮಗೆ ಗೊತ್ತೇ ಇರಲಿಲ್ಲ. ಡೊಮೇನ್ ಅಂದರೆ ಕೊಂಡುಕೊಳ್ಳುವ ಜಾಗ ಅಲ್ಲ. ವರ್ಷ ವರ್ಷ ಬಾಡಿಗೆ ಕಟ್ಟಿ ಉಳಿಸಿಕೊಳ್ಳುವ ಹೆಸರು ಅದು. ಡಾಟ್ ಕಾಮ್ ವಿಳಾಸಗಳಿಗೆ ಅವಧಿ ಮುಗಿಯುವ ಸುಮಾರು ತಿಂಗಳ ಮೊದಲು ಒಮ್ಮೆ, ವಾರದ ಮೊದಲು ಇನ್ನೊಮ್ಮೆ ನೆನಪಿನ ಇಮೇಲ್ ಬರಲೇಬೇಕು ಅನ್ನುವ ನಿಯಮವಿದೆ. ನಮ್ಮದಕ್ಕೂ ಬಂದಿರಬೇಕು. ಆದರೆ ಬಂದದ್ದು ಅವರ ಇಮೇಲ್‌ಗೆ. ಅವರು ಆ ಕೆಲಸವನ್ನೇ ಬಿಟ್ಟು ಬೇರೆ ಕಡೆ ಹೋಗಿದ್ದರು. ಅವಧಿ ಮುಗಿದ ಮೇಲೂ ಸ್ವಲ್ಪ ದಿನ ಹೆಚ್ಚು ದುಡ್ಡು ಕಟ್ಟಿ ವಾಪಸ್ ಪಡೆಯಬಹುದು. ನಮಗೆ ವಿಷಯ ತಿಳಿಯುವ ಹೊತ್ತಿಗೆ ಆ ಗಡುವೂ ದಾಟಿತ್ತು. ಹೆಸರನ್ನು ಬೇರೆ ಯಾರೋ ತೆಗೆದುಕೊಂಡಿದ್ದರು. ಆ ವಿಳಾಸ ಅಚ್ಚು ಹಾಕಿದ ಸಾವಿರ ಕೈಚೀಲ ಅಂಗಡಿಯಲ್ಲಿದ್ದವು. ಅಪ್ಪ ಒಂದೊಂದರ ಮೇಲೂ ಬಿಳಿ ಚೀಟಿ ಅಂಟಿಸುತ್ತಾ ಕುಳಿತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಹಾಗಾಗಿ ಈ ಸಲ ಎಲ್ಲಕ್ಕಿಂತ ಮೊದಲು ಮಾಡಿದ್ದು ಒಂದೇ. ಅಂಗಡಿಯ ಹೆಸರಲ್ಲಿ ಹೊಸ ಇಮೇಲ್ ತೆರೆದೆ. ಅದಕ್ಕೆ ಅಪ್ಪನ ಫೋನ್ ನಂಬರ್ ಕೊಟ್ಟೆ. ಆ ಇಮೇಲ್‌ನಿಂದ, ಅಪ್ಪನ ಹೆಸರಲ್ಲೇ, ಡೊಮೇನ್ ತೆಗೆದುಕೊಂಡೆ. ಐದು ವರ್ಷಕ್ಕೆ ಒಟ್ಟಿಗೇ ದುಡ್ಡು ಕಟ್ಟಿದೆ. ಪಾಸ್‌ವರ್ಡ್‌ಗಳನ್ನೆಲ್ಲ ಕಾಗದದಲ್ಲಿ ಬರೆದು, ಅಂಗಡಿ ಲೈಸೆನ್ಸ್ ಇಡುವ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟೆ. ನಾಳೆ ನಾನೇ ಇಲ್ಲದಿದ್ದರೂ ಅದು ಅಂಗಡಿಯ ಕೈಯಲ್ಲಿ ಇರಬೇಕು, ಅಲ್ವಾ? ಯಾರಿಂದಲಾದರೂ ಮಾಡಿಸಿ, ಎಷ್ಟಾದರೂ ದುಡ್ಡು ಕೊಡಿ, ಆದರೆ ಹೆಸರು ಮಾತ್ರ ನಿಮ್ಮ ಹೆಸರಲ್ಲೇ ಇರಲಿ. ಇದನ್ನು ನಾನು ಕೈಮುಗಿದು ಹೇಳುತ್ತೇನೆ.

ಹೆಸರು ಆರಿಸುವಾಗ ಒಂದು ತೊಡಕು ಬಂತು. ನಮ್ಮ ಊರಿನ ಹೆಸರನ್ನು ಜನ ಇಳಕಲ್, ಇಲಕಲ್, ಇಳಕಲ್ಲ ಅಂತ ಹಲವು ತರ ಬರೆಯುತ್ತಾರೆ. ಇಂಗ್ಲಿಷಿನಲ್ಲೂ ಹಾಗೇ. ಒಂದು ಅಕ್ಷರ ತಪ್ಪಿದರೂ ಬೇರೆಯವರ ಮನೆ ಬಾಗಿಲಿಗೆ ಹೋಗುತ್ತಾರೆ. ಕನ್ನಡ ಲಿಪಿಯಲ್ಲೇ ಬರೆಯುವ 'ಡಾಟ್ ಭಾರತ' ವಿಳಾಸವೂ ಸಿಗುತ್ತದೆ. ಅದನ್ನು ನೋಡಿ ನನಗೆ ತುಂಬಾ ಆಸೆಯಾಯಿತು. ಆದರೆ ಅದನ್ನು ಕಳುಹಿಸಿ ನೋಡಿದಾಗ ಕೆಲವು ಆ್ಯಪ್‌ಗಳಲ್ಲಿ ಕನ್ನಡ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತಿತ್ತು. ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ಮಹಾರಾಷ್ಟ್ರದವರು ಬೇರೆ. ಕೊನೆಗೆ ಊರಿನ ಹೆಸರೇ ಇಲ್ಲದ, ಫೋನಿನಲ್ಲಿ ಒಮ್ಮೆ ಹೇಳಿದರೆ ಬರೆದುಕೊಳ್ಳಬಹುದಾದ, ಅಜ್ಜಿಯ ಹೆಸರಿನ ಡಾಟ್ ಇನ್ ವಿಳಾಸ ತೆಗೆದುಕೊಂಡೆವು.

ಇನ್ನು ನೋಟ್‌ಬುಕ್ಕಿನ ವಿಷಯ. ಅಪ್ಪನಿಗೆ ನಾನು ಹೇಳಿದ್ದು ಇಷ್ಟೇ: 'ಒಂದು ತಿಂಗಳು ಯಾರು ಫೋನ್ ಮಾಡಿದರೂ ಏನು ಕೇಳಿದರು ಅಂತ ಬರೀರಿ. ಉತ್ತರ ಬೇಡ, ಪ್ರಶ್ನೆ ಸಾಕು.' ಬೇರೆಯವರ ವೆಬ್‌ಸೈಟ್‌ಗಳನ್ನು ನೋಡಿದರೆ ಮೊದಲ ಪುಟದಲ್ಲೇ 'ನಮ್ಮ ಬಗ್ಗೆ', 'ನಮ್ಮ ಧ್ಯೇಯ' ಅಂತ ಇರುತ್ತಿತ್ತು. ನಮ್ಮ ನೋಟ್‌ಬುಕ್ಕಿನಲ್ಲಿ ಒಬ್ಬರೂ ನಮ್ಮ ಧ್ಯೇಯ ಕೇಳಿರಲಿಲ್ಲ. ಅವರು ಕೇಳಿದ್ದು: ಕೈಮಗ್ಗದ್ದೋ ಪವರ್‌ಲೂಮಿನದೋ? ಸೆರಗು ರೇಷ್ಮೆಯೋ, ಆರ್ಟ್ ಸಿಲ್ಕೋ (ಕೃತಕ ರೇಷ್ಮೆಯೋ)? ಬಣ್ಣ ಬಿಡುತ್ತದಾ? ಒಂಬತ್ತು ಗಜದ್ದು ಇದೆಯಾ? ಫೋಟೋದ ಬಣ್ಣವೇ ಬರುತ್ತದಾ? ಇಷ್ಟವಾಗದಿದ್ದರೆ ವಾಪಸ್ ತಗೋತೀರಾ? ಇದರ ಮೇಲೆ ಗುಳೇದಗುಡ್ಡದ ಖಣ ಯಾವುದು ಹೊಂದುತ್ತದೆ?

ತಿಂಗಳು ಕಳೆದ ಮೇಲೆ ನಾನು, ಅಪ್ಪ, ಅವ್ವ ನೆಲದ ಮೇಲೆ ಕುಳಿತೆವು. ಪ್ರಶ್ನೆಗಳನ್ನು ಚೀಟಿಗಳಾಗಿ ಕತ್ತರಿಸಿದೆವು. ಒಂದೇ ತರದವನ್ನು ಒಂದು ಗುಡ್ಡೆ ಹಾಕಿದೆವು. ಸೀರೆಯ ಬಗ್ಗೆ ಒಂದು, ದುಡ್ಡು ಮತ್ತು ವಾಪಸಾತಿಯ ಬಗ್ಗೆ ಒಂದು, ಅಂಗಡಿಗೆ ಬರುವ ದಾರಿಯ ಬಗ್ಗೆ ಒಂದು, ತೊಳೆಯುವುದು ಉಡುವುದರ ಬಗ್ಗೆ ಒಂದು. ಪ್ರತಿ ಗುಡ್ಡೆ ಒಂದು ಪುಟವಾಯಿತು. ಎಲ್ಲಕ್ಕಿಂತ ದೊಡ್ಡ ಗುಡ್ಡೆ ಯಾವುದೋ ಅದು ಮೊದಲ ಪುಟದಲ್ಲಿ ಮೇಲೆ ಬಂತು. ಅವ್ವ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಫೋನಿನ ಆಕಾರ ಬರೆದು, ಯಾವುದು ಎಲ್ಲಿ ಬರಬೇಕು ಅಂತ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದಳು. ಕೊನೆಗೆ ನಾವು ಕಟ್ಟಿದ್ದು ಹೆಚ್ಚುಕಡಿಮೆ ಅದನ್ನೇ.

ಸೆರಗಿನ ಪ್ರಶ್ನೆಗೆ ಉತ್ತರ ಬರೆಯುವುದಕ್ಕೇ ನನಗೆ ಎರಡು ವಾರ ಬೇಕಾಯಿತು. ಇಳಕಲ್ ಸೀರೆಯ ಜೀವ ಇರುವುದೇ ಅಲ್ಲಿ. ಸಾಮಾನ್ಯವಾಗಿ ಮೈ ಹತ್ತಿಯದು, ಸೆರಗು ರೇಷ್ಮೆಯದು. ಎರಡಕ್ಕೂ ಬೇರೆ ಬೇರೆ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು. ಮೈಯ ಹಾಸಿನ ಒಂದೊಂದು ಎಳೆಯನ್ನೂ ಸೆರಗಿನ ಹಾಸಿನ ಎಳೆಗೆ ಕುಣಿಕೆಯಂತೆ ಸಿಕ್ಕಿಸಿ ಜೋಡಿಸುತ್ತಾರೆ. ಇದಕ್ಕೇ ಕೊಂಡಿ ಅನ್ನುವುದು. ಹಾಗಾಗಿ ಒಂದು ಸೀರೆಗೆ ಒಂದು ಹಾಸು. ಉದ್ದದ ಹಾಸು ಹಾಕಿ ಒಂದರ ಹಿಂದೆ ಒಂದು ಸೀರೆ ನೇಯ್ದು ಕತ್ತರಿಸುವ ಹಾಗಿಲ್ಲ. ಸೆರಗಿನಲ್ಲಿ ಕೆಂಪಿನ ನಡುವೆ ಬಿಳಿ ಪಟ್ಟಿಗಳು, ಅಂಚಿನಲ್ಲಿ ಗುಡಿಯ ಗೋಪುರದಂಥ ಹಲ್ಲುಗಳು. ಇದು ಟೋಪ ತೆನಿ ಸೆರಗು.

ನಾನು ಮೊದಲು ಬರೆದದ್ದನ್ನು ನಮಗೆ ನೇಯ್ದು ಕೊಡುವ ಹಿರಿಯ ನೇಕಾರರೊಬ್ಬರಿಗೆ ಓದಿ ಹೇಳಿದೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತೇ ಕೇಳಿದರು. ಕೈ ನಿಲ್ಲಿಸಿ ಅಂದರು: 'ಇಷ್ಟೆಲ್ಲ ಬರದೀ, ಕೊಂಡಿ ಹಾಕಾಕಿ ಯಾರಂತ ಬರದಿಲ್ಲಲ್ಲ.' ಅವರ ಮನೆಯಲ್ಲಿ ಕೊಂಡಿ ಹಾಕುವುದು ಅವರ ಹೆಂಡತಿ. ಅಂಗಡಿಯಲ್ಲಿ ಹುಟ್ಟಿ ಬೆಳೆದ ನನಗೆ ಆ ಕೆಲಸ ನೋಡಿ ಗೊತ್ತಿತ್ತು, ಬರೆಯಬೇಕು ಅಂತ ಹೊಳೆದಿರಲಿಲ್ಲ. ಈಗ ಆ ಪುಟದಲ್ಲಿ ಮೊದಲ ಫೋಟೋ ಆ ತಾಯಿಯ ಕೈಗಳದ್ದು. ಬೆರಳುಗಳ ನಡುವೆ ಬಿಳಿ ಎಳೆ, ಕೆಂಪು ಎಳೆ. ಅದನ್ನು ಹಾಕುವ ಮೊದಲು ಅವರನ್ನು ಕೇಳಿದ್ದೆ. 'ಮುಖ ಬ್ಯಾಡ, ಕೈ ಇರ್ಲಿ' ಅಂದಿದ್ದರು.

ವಾದ ನಡೆದದ್ದು ಪವರ್‌ಲೂಮಿನ ವಿಷಯಕ್ಕೆ. ನಮ್ಮ ಅಂಗಡಿಯಲ್ಲಿ ಎರಡೂ ಇವೆ. ಕಡಿಮೆ ಬೆಲೆಗೆ ಬೇಕು ಅನ್ನುವವರಿಗೆ ಪವರ್‌ಲೂಮಿನದು ಕೊಡುತ್ತೇವೆ, ಕೇಳಿದರೆ ಹೇಳಿಯೇ ಕೊಡುತ್ತೇವೆ. ವೆಬ್‌ಸೈಟಿನಲ್ಲಿ ಎದುರಿಗೆ ನಿಂತು ಕೇಳುವವರು ಯಾರೂ ಇರುವುದಿಲ್ಲ. 'ಕೇಳಿದ್ರ ಹೇಳೋಣ' ಅಂದರು ಅಪ್ಪ. ನಾನು ಒಪ್ಪಲಿಲ್ಲ. ಇಳಕಲ್ ಸೀರೆಗೆ ಭೌಗೋಳಿಕ ಗುರುತು, ಜಿಐ, ಸಿಕ್ಕಿದೆ. ಈ ಹೆಸರು ಈ ಊರಿನ ಕಡೆಯ ನೇಯ್ಗೆಗೇ ಸೇರಿದ್ದು ಅನ್ನುವ ಕಾನೂನಿನ ಗುರುತು ಅದು. ಆ ಮಾತನ್ನು ಮೇಲೆ ದೊಡ್ಡದಾಗಿ ಬರೆದು, ಕೆಳಗೆ ಯಾವ ಮಗ್ಗದ್ದು ಅಂತ ಬರೆಯದೆ ಬಿಟ್ಟರೆ ಕೊಳ್ಳುವವರಿಗೆ ಮೋಸ. ಕೊಂಡಿ ಹಾಕಿದ ಕೈಗಳಿಗೂ ಮೋಸ. ಎರಡು ದಿನ ಮಾತಾಡಲಿಲ್ಲ ನಾವಿಬ್ಬರು. ಮೂರನೇ ದಿನ ಅಪ್ಪನೇ ಫೋನ್ ಮಾಡಿದರು: 'ಹೆಸರಿನ ಮಗ್ಗುಲಾಗ ಬರಿ. ಕೆಳಗ ಸಣ್ಣಕ್ಷರದಾಗ ಬ್ಯಾಡ.' ಈಗ ಪ್ರತಿ ಸೀರೆಯ ಹೆಸರಿನ ಪಕ್ಕದಲ್ಲೇ ಕೈಮಗ್ಗ ಅಥವಾ ಪವರ್‌ಲೂಮ್ ಅಂತ ಇದೆ. ಅದರ ಕೆಳಗೆ ಮೈ ಯಾವ ನೂಲು, ಸೆರಗು ಯಾವ ನೂಲು, ಎಷ್ಟು ಗಜ, ಕುಪ್ಪಸದ ಬಟ್ಟೆ ಇದೆಯೋ ಇಲ್ಲವೋ.

ಇಷ್ಟಾದ ಮೇಲೆ ಕಟ್ಟುವ ಕೆಲಸ. ವೆಬ್‌ಸೈಟ್ ಕಟ್ಟಲು ವರ್ಡ್‌ಪ್ರೆಸ್ ಅನ್ನುವ ತಂತ್ರಾಂಶ ಆರಿಸಿಕೊಂಡೆ, ಮಾರಾಟಕ್ಕೆ ಅದರ ಜೊತೆ ಸೇರಿಸುವ ವೂಕಾಮರ್ಸ್. ತಿಂಗಳ ಬಾಡಿಗೆಗೆ ಸಿದ್ಧ ಅಂಗಡಿ ಕೊಡುವ ಕಂಪನಿಗಳೂ ಇವೆ, ಸುಲಭ ಕೂಡ. ಆದರೆ ಒಮ್ಮೆ ಕೈ ಸುಟ್ಟುಕೊಂಡವರು ನಾವು. ವರ್ಡ್‌ಪ್ರೆಸ್ ಆದರೆ ಹೋಸ್ಟಿಂಗ್, ಅಂದರೆ ಸೈಟ್ ಇಡಲು ಇಂಟರ್ನೆಟ್ಟಿನಲ್ಲಿ ಜಾಗ, ಕೊಟ್ಟವರು ಸರಿಬರದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಬೇರೆ ಕಡೆ ಹೋಗಬಹುದು. ವಾರಕ್ಕೊಮ್ಮೆ ಬ್ಯಾಕಪ್ ತೆಗೆದು ನನ್ನ ಲ್ಯಾಪ್‌ಟಾಪಿನಲ್ಲೂ ಇಡುತ್ತೇನೆ. ಎಚ್‌ಟಿಟಿಪಿಎಸ್, ಅಂದರೆ ಸೈಟಿಗೂ ನೋಡುವವರಿಗೂ ನಡುವಿನ ಮಾಹಿತಿ ಬೇರೆಯವರು ಓದಲಾಗದಂತೆ ಹೋಗುವ ವ್ಯವಸ್ಥೆ, ಇಲ್ಲದಿದ್ದರೆ ಬ್ರೌಸರ್ 'ಸುರಕ್ಷಿತವಲ್ಲ' ಅಂತ ತೋರಿಸಿ ಜನರನ್ನು ಹೆದರಿಸುತ್ತದೆ. ಅದಕ್ಕೆ ಬೇಕಾದ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆಯಿಂದ ಉಚಿತವಾಗಿ ಸಿಗುತ್ತದೆ, ನಮ್ಮ ಹೋಸ್ಟಿಂಗಿನಲ್ಲಿ ತಾನಾಗಿಯೇ ನವೀಕರಣವಾಗುತ್ತದೆ. ಇದಕ್ಕೆ ಬೇರೆ ದುಡ್ಡು ಕೇಳಿದರೆ ಯಾಕೆ ಅಂತ ವಿಚಾರಿಸಿ.

ಕನ್ನಡದ್ದೇ ಆದ ಒಂದು ತೊಂದರೆ ಇಲ್ಲಿ ಎದುರಾಯಿತು. ಅಂಗಡಿಯ ಹಳೆಯ ಬೆಲೆಪಟ್ಟಿ, ಅಜ್ಜನ ಕಾಲದ ಕಥೆ ಬರೆಸಿಟ್ಟ ನಾಲ್ಕು ಪುಟ, ಎಲ್ಲವೂ ಡಿಟಿಪಿಯವರು 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅದನ್ನು ಹಾಗೇ ವೆಬ್‌ಸೈಟಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ಸಾಲು ಬಂತು. ಆ ಫಾಂಟಿನಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಇರುವುದು ಕನ್ನಡದ ಸಂಕೇತ ಅಲ್ಲ. ಎಲ್ಲ ಕಂಪ್ಯೂಟರ್, ಫೋನುಗಳಿಗೂ ಅರ್ಥವಾಗುವ ಯುನಿಕೋಡ್ ಸಂಕೇತಕ್ಕೆ ಬದಲಿಸದೆ ಗೂಗಲ್‌ಗೂ ಅದು ಕನ್ನಡ ಅಂತ ಗೊತ್ತಾಗುವುದಿಲ್ಲ. ಬದಲಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಮಾತ್ರ ಕುಳಿತು ಒಂದೊಂದು ಸಾಲು ಓದಲೇಬೇಕು. ನಮ್ಮದರಲ್ಲಿ ಅರ್ಕಾವತ್ತು ಇದ್ದಲ್ಲೆಲ್ಲ ಅಕ್ಷರ ಜಾಗ ಬದಲಿಸಿತ್ತು.

ಇನ್ನೊಂದು, ಸಾಲುಗಳ ನಡುವಿನ ಜಾಗ. ಸಿದ್ಧ ವಿನ್ಯಾಸಗಳನ್ನು ಇಂಗ್ಲಿಷಿಗೆ ಅಂತ ಮಾಡಿರುತ್ತಾರೆ. ಅದರಲ್ಲಿ ಕನ್ನಡ ಹಾಕಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಬಟನ್‌ಗಳಲ್ಲಂತೂ ಒತ್ತಕ್ಷರ ಅರ್ಧ ಕತ್ತರಿಸಿ ಹೋಗುತ್ತದೆ. ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿ, ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.7 ಪಟ್ಟು ಮಾಡಿದ ಮೇಲೆ ಓದಲು ಹಿತವಾಯಿತು. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಪುಟಗಳಿವೆ. ಮರಾಠಿಯದು ಮೀರಜಿನ ಅತ್ತೆ ಬರೆದುಕೊಟ್ಟದ್ದು.

ಫೋಟೋ ಬಗ್ಗೆ ಹೇಳಲು ತುಂಬಾ ಇದೆ. ವಾಟ್ಸ್‌ಆ್ಯಪಿನಲ್ಲಿ ಕಳುಹಿಸುತ್ತಿದ್ದ ಫೋಟೋಗಳೆಲ್ಲ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ತೆಗೆದವು. ನಮ್ಮ ಸೆರಗಿನ ಕೆಂಪು ಅದರಲ್ಲಿ ಒಮ್ಮೆ ಗುಲಾಬಿ, ಒಮ್ಮೆ ಕಿತ್ತಳೆ. ಒಮ್ಮೆ ಒಬ್ಬರು ಮದುವೆಗೆ ಅಂತ ತರಿಸಿಕೊಂಡು, ಬಣ್ಣ ಬೇರೆ ಅಂತ ಬೇಜಾರು ಮಾಡಿಕೊಂಡು ವಾಪಸ್ ಕಳಿಸಿದ್ದರು. ತಪ್ಪು ನಮ್ಮದೇ. ಫೋನಿನ ಕ್ಯಾಮೆರಾ ಕೆಂಪನ್ನು ಬೇಕಿದ್ದಕ್ಕಿಂತ ಗಾಢ ಮಾಡಿಬಿಡುತ್ತದೆ. ನೇಯ್ಗೆಯ ಎಳೆಗಳು ಕಾಣದೆ ಒಂದೇ ಕೆಂಪು ಮುದ್ದೆಯಾಗುತ್ತದೆ. ಹಲವು ದಿನ ನೋಡಿದ ಮೇಲೆ ಸಿಕ್ಕ ದಾರಿ ಇದು: ಮನೆಯ ಉತ್ತರದ ಪಡಸಾಲೆ, ಬೆಳಗ್ಗೆ ಎಂಟರಿಂದ ಹತ್ತು. ನೇರ ಬಿಸಿಲು ಬೀಳಬಾರದು. ಎದುರು ಗೋಡೆಗೆ ಬಿಳಿ ಪಂಚೆ ಕಟ್ಟಿದರೆ ಬೆಳಕು ಮೆತ್ತಗೆ ವಾಪಸ್ ಬರುತ್ತದೆ. ಸೀರೆಯ ಪಕ್ಕ ಒಂದು ಬಿಳಿ ಕಾಗದ ಇಟ್ಟು, ಅದು ಬಿಳಿಯಾಗಿಯೇ ಕಾಣುವ ತನಕ ಬಣ್ಣ ಸರಿಮಾಡಬೇಕು. ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ತೆಗೆದುಕೊಳ್ಳುವ ಬೆಳಕು, ಒಂದು ಚೂರು ಇಳಿಸಬೇಕು. ಆಗ ಕೆಂಪಿನೊಳಗೆ ಎಳೆ ಕಾಣುತ್ತದೆ.

ಪ್ರತಿ ಸೀರೆಗೂ ಐದು ಫೋಟೋ. ಪೂರ್ತಿ ಹರಡಿದ್ದು, ಸೆರಗು, ಅಂಚು, ಕೊಂಡಿ ಕೂಡಿದ ಜಾಗ ಹತ್ತಿರದಿಂದ, ಮತ್ತು ಅವ್ವ ಹೆಗಲ ಮೇಲೆ ಹಾಕಿಕೊಂಡದ್ದು. ಗೋಮಿ, ಗಾಡಿ, ಪರಾಸಪೇಟಿ ಅಂಚುಗಳು ಹೇಗೆ ಬೇರೆ ಅಂತ ಒಂದೇ ಪುಟದಲ್ಲಿ ಪಕ್ಕ ಪಕ್ಕ ಇಟ್ಟು ತೋರಿಸಿದ್ದೇವೆ. ಆ ಪುಟ ಇವತ್ತಿಗೂ ನನಗೆ ಎಲ್ಲಕ್ಕಿಂತ ಇಷ್ಟ. ಫೋನಿನಿಂದ ಬಂದ ಫೋಟೋ ಒಂದೊಂದೂ 4 ಎಂಬಿ ಇತ್ತು. ಅದನ್ನು ಹಾಗೇ ಹಾಕಿದರೆ ಹಳ್ಳಿಯ ನೆಟ್‌ವರ್ಕಿನಲ್ಲಿ ಪುಟ ತೆರೆಯುವುದೇ ಇಲ್ಲ. ವೆಬ್‌ಪಿ ಅನ್ನುವ ಮಾದರಿಗೆ ಬದಲಿಸಿ 150 ಕೆಬಿ ಆಸುಪಾಸಿಗೆ ಇಳಿಸಿದೆ. ಅವ್ವ ಹುನಗುಂದಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತು ತನ್ನ ಹಳೆಯ ಫೋನಿನಲ್ಲಿ ತೆರೆದು ನೋಡಿ, 'ಈಗ ಬಂತು' ಅಂತ ಫೋನ್ ಮಾಡಿದಳು.

ದುಡ್ಡಿನ ಭಾಗ ಹೆಚ್ಚು ಕಷ್ಟವಾಗಲಿಲ್ಲ. ಪೇಮೆಂಟ್ ಗೇಟ್‌ವೇಯವರು, ಅಂದರೆ ಗಿರಾಕಿ ಸೈಟಿನಲ್ಲಿ ಕಟ್ಟಿದ ದುಡ್ಡನ್ನು ನಮ್ಮ ಖಾತೆಗೆ ತಲುಪಿಸುವವರು, ಪ್ಯಾನ್, ಬ್ಯಾಂಕ್ ಖಾತೆಯ ವಿವರ ಕೇಳಿದರು. ಜೊತೆಗೆ ವೆಬ್‌ಸೈಟಿನಲ್ಲಿ ಸಂಪರ್ಕ, ವಾಪಸಾತಿ, ಖಾಸಗಿತನ, ಷರತ್ತುಗಳ ಪುಟಗಳು ಇರಲೇಬೇಕು ಅಂದರು. ಕಾರ್ಡಿನಲ್ಲಿ ಕಟ್ಟಿದರೆ ನೂರಕ್ಕೆ ಸುಮಾರು 2 ರೂಪಾಯಿ ಅವರಿಗೆ ಹೋಗುತ್ತದೆ, ಆ ಶುಲ್ಕದ ಮೇಲೆ 18% ಜಿಎಸ್‌ಟಿ ಬೇರೆ. ಬೆಲೆ ಇಡುವಾಗಲೇ ಇದನ್ನು ಲೆಕ್ಕ ಹಿಡಿಯಬೇಕು. ವಾಪಸಾತಿಯ ಪುಟವನ್ನು ಬೇರೆಯವರದ್ದರಿಂದ ನಕಲು ಮಾಡಬೇಡಿ. 2020ರ ಗ್ರಾಹಕ ಸಂರಕ್ಷಣೆ ಇ-ಕಾಮರ್ಸ್ ನಿಯಮಗಳನ್ನು ಒಮ್ಮೆ ಓದಿ. ಮಾರುವವರ ಹೆಸರು, ವಿಳಾಸ, ದೂರು ಕೇಳುವವರು ಯಾರು ಅನ್ನುವುದು ಕಾಣುವಂತೆ ಇರಬೇಕು. ದೂರು ಬಂದರೆ 48 ಗಂಟೆಯೊಳಗೆ ತಲುಪಿದೆ ಅಂತ ಹೇಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನಮ್ಮಲ್ಲಿ ದೂರು ಕೇಳುವವರು ಅಪ್ಪ. ಅವರ ಹೆಸರು, ಅಂಗಡಿ ಫೋನ್ ಎರಡೂ ಅಲ್ಲಿವೆ.

ಜಗತ್ತಿಗೆ ತೋರಿಸುವ ಮೊದಲು ಪಕ್ಕದ ಮನೆ ಕಾಕುವನ್ನು ಕರೆದೆ. 'ಒಂದು ಸೀರೆ ಆರಿಸಿ ಕೊಳ್ಳ್ರಿ, ದುಡ್ಡು ನಾನು ಕೊಡ್ತೀನಿ' ಅಂದೆ. ಹಿಂದೆ ಕುಳಿತು ನೋಡಿದೆ. ಒಂದು ಮಾತೂ ಆಡಬಾರದು ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಎಲ್ಲೆಲ್ಲಿ ಅವರ ಬೆರಳು ನಿಂತಿತೋ ಅದನ್ನೆಲ್ಲ ಬರೆದುಕೊಂಡೆ. ಮೊದಲು ನಿಂತದ್ದು 'ಕಾರ್ಟ್' ಅನ್ನುವ ಪದದ ಹತ್ತಿರ. 'ಇದೇನವಾ?' ಅಂತ ಕೇಳಿದರು. ಅದು ಈಗ 'ನನ್ನ ಚೀಲ' ಆಗಿದೆ. ಎರಡನೆಯದು, ದುಡ್ಡು ಕಟ್ಟುವ ಮೊದಲು ಖಾತೆ ತೆರೆಯಿರಿ ಅಂತ ಪಾಸ್‌ವರ್ಡ್ ಕೇಳುತ್ತಿದ್ದದ್ದು. ಕಾಕು ಫೋನ್ ಕೆಳಗಿಟ್ಟೇಬಿಟ್ಟರು. ಸೀರೆ ಕೊಳ್ಳಲು ಬಂದವರಿಗೆ ಪಾಸ್‌ವರ್ಡ್ ಯಾಕೆ? ಅವತ್ತೇ ತೆಗೆದುಹಾಕಿದೆ. ಅವರ ಜೊತೆ ಕಳೆದ ಆ 40 ನಿಮಿಷದಲ್ಲಿ ಕಲಿತಷ್ಟು ನಾನು ನೋಡಿದ ಯಾವ ವಿಡಿಯೋದಿಂದಲೂ ಕಲಿಯಲಿಲ್ಲ.

ದಸರೆಯ ಮೊದಲ ದಿನ ಸೈಟ್ ತೆರೆದೆವು. ಗೂಗಲ್‌ಗೆ ನಮ್ಮ ಸೈಟ್ ಸಿಗಲಿ ಅಂತ ಅದರ ಸರ್ಚ್ ಕನ್ಸೋಲಿನಲ್ಲಿ ಸೈಟ್‌ಮ್ಯಾಪ್, ಅಂದರೆ ಸೈಟಿನ ಪುಟಗಳ ಪಟ್ಟಿ, ಕೊಟ್ಟೆ. ಮ್ಯಾಪಿನಲ್ಲಿ ಅಂಗಡಿಯ ಜಾಗ, ಸಮಯ ಸರಿಮಾಡಿದೆ. ಮೊದಲ ಹನ್ನೊಂದು ದಿನ ಒಂದು ಆರ್ಡರೂ ಬರಲಿಲ್ಲ. ಹುಡುಕಾಟದಲ್ಲಿ ಹೊಸ ಸೈಟ್ ಮೇಲೆ ಬರಲು ಸಮಯ ಬೇಕು ಅಂತ ಗೊತ್ತಿದ್ದರೂ ದಿನಕ್ಕೆ ಹತ್ತು ಸಲ ತೆರೆದು ನೋಡುತ್ತಿದ್ದೆ. ಹನ್ನೆರಡನೇ ದಿನ ಪುಣೆಯಿಂದ ಒಂದು ಆರ್ಡರ್ ಬಂತು. ದಾಳಿಂಬೆ ಕೆಂಪಿನದು, ಗೋಮಿ ಅಂಚು. ಅಪ್ಪ ಅದನ್ನು ಎರಡು ಸಲ ಮಡಿಸಿ, ಸ್ಪೀಡ್ ಪೋಸ್ಟಿಗೆ ತಾವೇ ಒಯ್ದರು.

ಮರುವಾರ ಒಂದು ಎಡವಟ್ಟಾಯಿತು. ಕೈಮಗ್ಗದ ಸೀರೆ ಒಂದೊಂದೇ ಇರುತ್ತದೆ. ಸೈಟಿನಲ್ಲಿ ಒಬ್ಬರು ಕೊಂಡ ಸೀರೆಯನ್ನೇ ಅದೇ ಮಧ್ಯಾಹ್ನ ಅಪ್ಪ ಅಂಗಡಿಗೆ ಬಂದವರಿಗೆ ಮಾರಿಬಿಟ್ಟಿದ್ದರು. ಸೈಟಿನಲ್ಲಿ ಕೊಂಡವರಿಗೆ ನಾನೇ ಫೋನ್ ಮಾಡಿ, ತಪ್ಪಾಯಿತು ಅಂತ ಹೇಳಿ ದುಡ್ಡು ವಾಪಸ್ ಕಳಿಸಿದೆ. ಅವತ್ತಿನಿಂದ ಸೈಟಿಗೆ ಹಾಕಿದ ಸೀರೆಗಳಿಗೆ ನಂಬರಿನ ಹಳದಿ ಚೀಟಿ ಕಟ್ಟಿ ಬೇರೆ ಕಪಾಟಿನಲ್ಲಿ ಇಡುತ್ತೇವೆ. ಆ ಕಪಾಟಿನಿಂದ ತೆಗೆಯುವ ಮೊದಲು ಅಪ್ಪ ಫೋನಿನಲ್ಲಿ ಆ ನಂಬರಿನ ಸೀರೆಯನ್ನು 'ಮಾರಾಟವಾಗಿದೆ' ಮಾಡಬೇಕು. ಅದನ್ನು ಅವರು ಒಂದು ಸಂಜೆಯಲ್ಲಿ ಕಲಿತರು.

ನೋಟ್‌ಬುಕ್ಕು ಈಗಲೂ ಫೋನಿನ ಪಕ್ಕದಲ್ಲೇ ಇದೆ, ಎರಡನೆಯದು ಶುರುವಾಗಿದೆ. ಸೈಟಿನಲ್ಲಿ ಉತ್ತರ ಇರುವ ಪ್ರಶ್ನೆ ಮತ್ತೆ ಮತ್ತೆ ಬಂದರೆ ಆ ಉತ್ತರ ಜನರಿಗೆ ಸಿಗುತ್ತಿಲ್ಲ ಅಂತ ತಿಳಿದು ಜಾಗ ಬದಲಿಸುತ್ತೇನೆ. ಮೊನ್ನೆ ಅಪ್ಪ ಬರೆದಿದ್ದು: 'ಬೆಂಗಳೂರಿನ ಹುಡುಗಿ. ಒಂಬತ್ತು ಗಜದ್ದು ಅಜ್ಜಿ ಉಡುತ್ತಿದ್ದರಂತೆ. ಕಚ್ಚೆ ಹಾಕಿ ಉಡೋದು ತೋರಿಸ್ತೀರಾ ಕೇಳಿದಳು.' ಈ ಭಾನುವಾರ ಊರಿಗೆ ಹೋಗುತ್ತಿದ್ದೇನೆ. ಅವ್ವ ಉಡುತ್ತಾಳೆ, ನಾನು ವಿಡಿಯೋ ತೆಗೆಯುತ್ತೇನೆ. ಬೆಳಗ್ಗೆ ಎಂಟಕ್ಕೆ ಪಡಸಾಲೆಯಲ್ಲಿ ಬಿಳಿ ಪಂಚೆ ಕಟ್ಟಿಡಿ ಅಂತ ಅಪ್ಪನಿಗೆ ಹೇಳಿದ್ದೇನೆ.